ಹಿತ್ತಲಿನ ಟರ್ಫ್ ಮತ್ತು ಒಬ್ಬ ಪಿಟಿ ಮೇಷ್ಟ್ರ ತಕರಾರು

ಹಿತ್ತಲಲ್ಲಿ ಆಡಲು ಟರ್ಫ್, ಅಂದರೆ ಕೃತಕ ಹುಲ್ಲು, ಹಾಕಿಸುತ್ತೇನೆ ಎಂದು ಮಗ ಹೇಳಿದಾಗ ನಾನು ಕೇಳಿದ್ದು ಒಂದೇ. "ನೀರು ಎಲ್ಲಿಗೆ ಹೋಗ್ತದೆ?"

ಅವನು ಫೋನಿನಲ್ಲಿ ಬೆಂಗಳೂರಿನಲ್ಲಿ ಬಲೆಯೊಳಗೆ ಆಡುವ ಬಾಕ್ಸ್ ಕ್ರಿಕೆಟ್ ಜಾಗಗಳ ಫೋಟೋ ತೋರಿಸುತ್ತಿದ್ದ. ಎಲ್ಲಾ ಹಸಿರೋ ಹಸಿರು. ನಾನು ಪುತ್ತೂರಿನ ಕಡೆಯ ಶಾಲೆಗಳಲ್ಲಿ ಪಿಟಿ ಮೇಷ್ಟ್ರಾಗಿ ಮಣ್ಣಿನ ಅಂಗಳಕ್ಕೆ ಸುಣ್ಣದ ಗೆರೆ ಎಳೆದು ರಿಟೈರ್ ಆದವನು. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಹುಲ್ಲಿನ ಬಣ್ಣ ಆಮೇಲೆ ನೋಡೋಣ, ಅಲ್ವಾ?

ಮೊದಲು ಬಂದ ಕಂಟ್ರಾಕ್ಟರ್ ಮಣ್ಣು ಸಮ ಮಾಡಿ, ಮೇಲೆ ಒಂದಿಷ್ಟು ಜಲ್ಲಿ ಹುಡಿ ಹಾಕಿ ಹಾಸಿಬಿಡುತ್ತೇನೆ ಎಂದ. ನಾಲ್ಕು ದಿನದ ಕೆಲಸವಂತೆ. ಅವನಿಗೆ ಚಹಾ ಕೊಟ್ಟು ಕಳಿಸಿದೆವು. ಎರಡನೆಯವನು ಲೆವೆಲ್ ಪೈಪ್ ತಂದಿದ್ದ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ಮಟ್ಟ ನೋಡುವ ಹಳೆಯ ಮೇಸ್ತ್ರಿ ವಿದ್ಯೆ. ಅದನ್ನು ನೋಡಿಯೇ ನನಗೆ ಅರ್ಧ ಧೈರ್ಯ ಬಂತು.

ಅಳತೆ ನಿರ್ಧಾರವಾದದ್ದು ಹುಲ್ಲಿನ ಸುರುಳಿಯಿಂದ. ನಮಗೆ ಸಿಕ್ಕಿದ ಸುರುಳಿ ಎರಡು ಮೀಟರ್ ಅಗಲ. ನಾಲ್ಕು ಸುರುಳಿ ಪಕ್ಕಪಕ್ಕ ಹಾಕಿದರೆ ಎಂಟು ಮೀಟರ್, ಏನೂ ಕತ್ತರಿಸಿ ಬಿಸಾಡಬೇಕಿಲ್ಲ. ಉದ್ದ 18 ಮೀಟರ್. ಶಟಲ್ ಕೋರ್ಟು 13.40 ಮೀಟರ್ ಉದ್ದ, 6.10 ಮೀಟರ್ ಅಗಲ, ಆರಾಮಾಗಿ ಕೂರುತ್ತದೆ. ವಾಲಿಬಾಲ್‌ಗೆ ಕೋರ್ಟೇ 18ಕ್ಕೆ 9 ಬೇಕು, ಸುತ್ತ ಜಾಗ ಬೇರೆ. ಹಾಗಾಗಿ ನನ್ನ ಇಷ್ಟದ ಆಟ ಹೋಯಿತು. ಕ್ರಿಕೆಟ್ ಪಿಚ್ಚಿಗೆ 22 ಗಜ, ಅಂದರೆ 20 ಮೀಟರಿಗೆ ಸ್ವಲ್ಪ ಜಾಸ್ತಿ ಬೇಕು. ಅದೂ ಇಲ್ಲ. ಮಕ್ಕಳ ಟೆನಿಸ್ ಬಾಲಿಗೆ ಇಷ್ಟು ಸಾಕು ಎಂದು ಮೊಮ್ಮಗನೇ ತೀರ್ಪು ಕೊಟ್ಟ.

ಅಗೆತ ಜನವರಿಯಲ್ಲಿ ಶುರು. ಜೆಸಿಬಿ ಒಂದಡಿ ಮಣ್ಣು ತೆಗೆಯಿತು. ಕೆಳಗೆ ಮುರಕಲ್ಲು ಸಿಕ್ಕಿತು, ಒಳ್ಳೆಯದೇ ಆಯಿತು. ಅದರ ಮೇಲೆ ನೀರು ಬಿಡುವ ಬಟ್ಟೆಯಂಥ ಒಂದು ಹಾಳೆ. ಮಣ್ಣು ಮೇಲೆ ಬಂದು ಜಲ್ಲಿ ಜೊತೆ ಕಲಸಿಹೋಗಬಾರದು, ಅದಕ್ಕೆ. ಮತ್ತೆ ನಲವತ್ತು ಮಿ.ಮೀ. ಜಲ್ಲಿ, ಅದರ ಮೇಲೆ ಇಪ್ಪತ್ತರದ್ದು, ಕೊನೆಗೆ ತೆಳುವಾಗಿ ಜಲ್ಲಿ ಹುಡಿ. ಪ್ರತಿ ಪದರಕ್ಕೂ ನೀರು ಚಿಮುಕಿಸಿ, ತಟ್ಟಿ ಗಟ್ಟಿ ಮಾಡುವ ಕಂಪಾಕ್ಟರ್ ಓಡಿಸಬೇಕು. ಒಂದೇ ಸಲ ಎಲ್ಲ ಸುರಿದು ಮೇಲೆ ಮಾತ್ರ ತಟ್ಟಿದರೆ ಮೊದಲ ಮಳೆಗೇ ಅಲ್ಲಲ್ಲಿ ತಗ್ಗು ಬೀಳುತ್ತದೆ. ನಾನು ಕುರ್ಚಿ ಹಾಕಿಕೊಂಡು ಅಲ್ಲೇ ಕುಳಿತೆ. ಕೆಲಸದವರಿಗೆ ಇಷ್ಟವಾಗಲಿಲ್ಲ. ಇರಲಿ.

ಇಳಿಜಾರು ನೂರಕ್ಕೆ ಒಂದು. ಎಂಟು ಮೀಟರ್ ಅಗಲಕ್ಕೆ ಎಂಟು ಸೆಂಟಿಮೀಟರ್. ಆಡುವವರಿಗೆ ಗೊತ್ತೇ ಆಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ತಗ್ಗಿನ ಬದಿಯಲ್ಲಿ ತೂತಿನ ಪೈಪ್ ಹಾಕಿ ಅಡಿಕೆ ತೋಟದ ನೀರು ಹರಿಯುವ ಕಣಿಗೆ ಸೇರಿಸಿದೆವು. ನೆಟ್ಟಿನ ಕಂಬ ನಿಲ್ಲಿಸುವ ಜಿಐ ಪೈಪಿನ ತುಂಡುಗಳನ್ನೂ ಆಗಲೇ ಕಾಂಕ್ರೀಟಿನಲ್ಲಿ ಕೂರಿಸಬೇಕು. ಹುಲ್ಲು ಹಾಸಿದ ಮೇಲೆ ನೆನಪಾದರೆ ಅದನ್ನೇ ಕೊಯ್ಯಬೇಕಾಗುತ್ತದೆ.

ದೊಡ್ಡ ಜಗಳ ಆದದ್ದು ಹುಲ್ಲಿನ ಎತ್ತರಕ್ಕೆ. ಮಗನಿಗೆ ಫುಟ್ಬಾಲ್ ಟರ್ಫಿನ 50 ಮಿ.ಮೀ. ಎಳೆ ಬೇಕಿತ್ತು, ಕಾಲಿಗೆ ಮೆತ್ತಗೆ ಅಂತ. ಆದರೆ ಅದರೊಳಗೆ ಮರಳಿನ ಜೊತೆ ಕಪ್ಪು ರಬ್ಬರ್ ಹುಡಿ ತುಂಬುತ್ತಾರೆ. ಹೆಚ್ಚಾಗಿ ಹಳೆಯ ಟಯರ್ ಅರೆದದ್ದು. ಯುರೋಪಿನ ಒಕ್ಕೂಟ 2023ರಲ್ಲೇ ಇಂಥ ಹುಡಿಯ ಮಾರಾಟ ನಿಲ್ಲಿಸಲು ನಿಯಮ ಮಾಡಿ ಎಂಟು ವರ್ಷ ಗಡುವು ಕೊಟ್ಟಿದೆ, ಅದು ಪ್ಲಾಸ್ಟಿಕ್ ಚೂರಾಗಿ ಮಣ್ಣು ನೀರು ಸೇರುತ್ತದೆ ಅಂತ. ನಮ್ಮ ನೀರು ಹೋಗುವುದು ಸೀದಾ ತೋಟಕ್ಕೆ. ನಾನು ಒಪ್ಪಲಿಲ್ಲ. 15 ಮಿ.ಮೀ. ಎಳೆ ತಂದು ಬರೀ ಸಿಲಿಕಾ ಮರಳು ತುಂಬಿಸಿದೆವು. ಗಿಡ್ಡ ಹುಲ್ಲಿನಲ್ಲಿ ಚೆಂಡೂ ಚೆನ್ನಾಗಿ ಏಳುತ್ತದೆ. ಹಾಗೆಂದು ಇದು ಪರಿಸರದ ಕೆಲಸ ಎಂದು ಯಾರೂ ಹೇಳಬೇಡಿ. ಹುಲ್ಲೂ ಪ್ಲಾಸ್ಟಿಕ್ಕೇ.

ನನಗೆ ಈ ಕೃತಕ ಹುಲ್ಲಿನ ಮೇಲೆ ಹಳೆಯ ಸಿಟ್ಟೂ ಇದೆ. 1975ರಲ್ಲಿ ಹಾಕಿ ವಿಶ್ವಕಪ್ ಗೆದ್ದವರು ನಾವು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿ ಕೃತಕ ಹುಲ್ಲು ಹಾಸಿದರು, ನಾವು ಏಳನೇ ಸ್ಥಾನಕ್ಕೆ ಬಿದ್ದೆವು. ಸೋಲಿಗೆ ಹುಲ್ಲೊಂದೇ ಕಾರಣ ಅಲ್ಲ, ಗೊತ್ತು. ಆದರೂ ಹೈಸ್ಕೂಲು ಹುಡುಗನ ಸಿಟ್ಟು ಅಷ್ಟು ಬೇಗ ಹೋಗುತ್ತದೆಯೇ?

ಹಾಸುವ ದಿನ ಸುರುಳಿಗಳನ್ನು ಬಿಚ್ಚಿ ಬಿಸಿಲಿಗೆ ಬಿಟ್ಟರು, ಮಡಿಕೆ ಹೋಗಲಿ ಅಂತ. ಎಲ್ಲದರ ಎಳೆಯೂ ಒಂದೇ ದಿಕ್ಕಿಗೆ ಮಲಗಬೇಕು. ಒಂದು ತಿರುವುಮುರುವಾದರೂ ಬಣ್ಣ ಬೇರೆಯೇ ಕಾಣುತ್ತದೆ. ಜೋಡಣೆಯ ಕೆಳಗೆ ಪಟ್ಟಿ ಇಟ್ಟು ಅಂಟು ಹಾಕುತ್ತಾರೆ. ತೇವ ಇದ್ದರೆ ಅಂಟು ಸರಿ ಹಿಡಿಯುವುದಿಲ್ಲ, ಅದಕ್ಕೇ ಬೇಸಿಗೆಯ ಕೆಲಸ. ಶಟಲ್ ಗೆರೆಗಳನ್ನು ಬಣ್ಣ ಬಳಿಯದೆ ಬಿಳಿ ಹುಲ್ಲನ್ನೇ ಕೊಯ್ದು ಕೂರಿಸಿದರು. ಕೊನೆಗೆ ಸುತ್ತ ನೈಲಾನ್ ಬಲೆ. ಎರಡು ತೆಂಗಿನ ಮರ ಹತ್ತಿರವೇ ಇರುವುದರಿಂದ ಮೇಲೂ ಬಲೆ ಕಟ್ಟಿಸಿದೆ. ತೆಂಗಿನಕಾಯಿಗೆ ಅದು ಸಾಕಾಗುವುದಿಲ್ಲ, ಮಡಲು, ಅಂದರೆ ಗರಿ, ತಡೆದೀತು. ಕಾಯಿ ಮಾತ್ರ ಬಲಿಯುವ ಮೊದಲೇ ಕೀಳಿಸುತ್ತೇವೆ.

ಬಿಲ್ಲು ನೋಡಿದಾಗ ಅರ್ಧಕ್ಕಿಂತ ಜಾಸ್ತಿ ದುಡ್ಡು ಹುಲ್ಲಿನ ಕೆಳಗೆ ಹೋಗಿತ್ತು. ಮಗನಿಗೆ ಹೊಟ್ಟೆ ಉರಿಯಿತು. ಜೂನಿನಲ್ಲಿ ರಾತ್ರಿಯಿಡೀ ಹೊಡೆದ ಮಳೆಯ ಮರುದಿನ ಬೆಳಿಗ್ಗೆ ನಾನು ಅಲ್ಲಿ ನಡೆದೆ. ಎಲ್ಲೂ ನೀರು ನಿಂತಿರಲಿಲ್ಲ. ಫೋಟೋ ತೆಗೆದು ಅವನಿಗೆ ಕಳಿಸಿದೆ. ಅವನು ಹೆಬ್ಬೆರಳಿನ ಚಿತ್ರ ಒಂದು ಕಳಿಸಿದ, ಅಷ್ಟೇ.

ನೋಡಿಕೊಳ್ಳುವ ಕೆಲಸ ಇಲ್ಲ ಎನ್ನುವುದು ಸುಳ್ಳು. ನೆರಳಿನ ಮೂಲೆಯಲ್ಲಿ ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಮಲಗಿದ ಎಳೆಯನ್ನು ಎದುರು ದಿಕ್ಕಿಗೆ ಗಟ್ಟಿ ಬ್ರಷ್ಷಿನಿಂದ ಎಬ್ಬಿಸುತ್ತಿರಬೇಕು. ಕಬಡ್ಡಿ ನಿಷೇಧ, ಜಾರಿ ಬಿದ್ದರೆ ಮೊಣಕಾಲಿನ ಚರ್ಮ ಕಿತ್ತು ಬರುತ್ತದೆ. ಬೇಸಿಗೆಯ ಮಧ್ಯಾಹ್ನ ಬರಿಗಾಲು ಇಡುವ ಹಾಗಿಲ್ಲ. ನೀರು ಹಾಕಿದರೆ ತಣ್ಣಗಾಗುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ.

ಆ ಬಿಸಿಯನ್ನು ಮೊದಲು ಗಮನಿಸಿದ್ದು ನನ್ನ ಹೆಂಡತಿ. ಏಪ್ರಿಲಿನಲ್ಲಿ ಹಲಸಿನ ಹಪ್ಪಳದ ಚಾಪೆಗಳು ಕೋರ್ಟಿಗೆ ಬಂದವು. ಮೇಲಿನ ಬಲೆಯಿಂದ ಕಾಗೆಯ ಕಾಟವೂ ಇಲ್ಲ. ಸಂಜೆ ನಾಲ್ಕೂವರೆಗೆ ತೆಗೆಯಬೇಕು ಎಂದು ಒಪ್ಪಂದ ಆಗಿದೆ. ಹೆಚ್ಚಿನ ದಿನ ಐದೂವರೆ ಆಗುತ್ತದೆ. ಮೊಮ್ಮಕ್ಕಳು ಬ್ಯಾಟ್ ಹಿಡಿದು, ಅರ್ಧ ಒಣಗಿದ ಹಪ್ಪಳ ಕದ್ದು ತಿನ್ನುತ್ತಾ ಕಾಯುತ್ತಾರೆ.