ಮುಗಿದ ಚಿತ್ರವನ್ನು ಕಾಯುವುದು

ಹನ್ನೆರಡು ವರ್ಷಗಳಿಂದ ಬೆಂಗಳೂರಿನಲ್ಲಿದ್ದುಕೊಂಡು ಸಾಕ್ಷ್ಯಚಿತ್ರಗಳನ್ನು ನಿರ್ಮಿಸುತ್ತಿರುವ ನನ್ನನ್ನು ಈ ಕೆಲಸಕ್ಕೆ ಬರಬೇಕೆನ್ನುವ ಹುಡುಗ ಹುಡುಗಿಯರು ಮೊದಲು ಕೇಳುವುದು, ಹಣವನ್ನು ಎಲ್ಲಿಂದ ಹೊಂದಿಸುತ್ತೀರಿ ಎಂದು. ಹಣಕ್ಕಿಂತ ದೊಡ್ಡ ಪರೀಕ್ಷೆ ಚಿತ್ರ ಮುಗಿದ ಮೇಲೆ ಎದುರಾಗುತ್ತದೆ ಎಂದು ಹೇಳಬೇಕೆನಿಸಿದಾಗಲೆಲ್ಲ ನಾನು ಅವರಿಗೆ ‘ಸಂಸ್ಕಾರ’ ಚಿತ್ರವನ್ನು ನಿರ್ಮಿಸಿ ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿಯವರ ಕಥೆಯನ್ನು ಹೇಳುತ್ತೇನೆ.

1919ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದ ರೆಡ್ಡಿಯವರು ಮೊದಲು ತೆಲುಗಿನ ಕವಿಯಾಗಿ ಹೆಸರು ಮಾಡಿದವರು. ಆಮೇಲೆ ಮದ್ರಾಸಿನಲ್ಲಿ ತೆಲುಗು ಚಿತ್ರಗಳ ನಿರ್ಮಾಣಕ್ಕಿಳಿದರು. ಸ್ಟುಡಿಯೊ, ತಾರೆಯರು, ವಿತರಕರು ಎಲ್ಲ ಕೈಗೆಟಕುವಂತಿದ್ದ ಆ ಲೋಕವನ್ನು ಬಲ್ಲವರು, ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ಚಿತ್ರವಾಗಿಸಲು ಕೈಗೆತ್ತಿಕೊಂಡಾಗ ಅದನ್ನೆಲ್ಲ ಬದಿಗಿಟ್ಟು, ಶೃಂಗೇರಿಯ ಹತ್ತಿರದ ವೈಕುಂಠಪುರಕ್ಕೆ ಹೋಗಿ ಚಿತ್ರೀಕರಣ ನಡೆಸಿದರು. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ರೆಡ್ಡಿಯವರ ಪತ್ನಿ ಸ್ನೇಹಲತಾ ಅಭಿನಯಿಸಿದರು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೊವನ್, ಸಂಗೀತ ಕೊಟ್ಟವರು ಸರೋದ್ ವಾದಕ ರಾಜೀವ ತಾರಾನಾಥ. ಸ್ನೇಹವನ್ನೇ ಬಂಡವಾಳ ಮಾಡಿಕೊಂಡ ಇಂಥ ತಂಡವನ್ನು ಕಟ್ಟುವುದು ನಿರ್ಮಾಪಕನ ಕೆಲಸಗಳಲ್ಲೇ ನನಗೆ ಅತ್ಯಂತ ಪ್ರಿಯವಾದದ್ದು.

ಚಿತ್ರ ಸಿದ್ಧವಾದಾಗ ಮದ್ರಾಸಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ಕೊಡಲು ಒಪ್ಪಲಿಲ್ಲ. ಮೇಲ್ಮನವಿಯ ದಾರಿ ಹಿಡಿದು, ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ನಿಷೇಧವನ್ನು ತೆರವುಗೊಳಿಸಿದ ಮೇಲೆಯೇ ಅದು ಜನರೆದುರಿಗೆ ಬಂತು. 1970ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ಸ್ವರ್ಣಪದಕವನ್ನೂ ಪಡೆಯಿತು. ಎಲ್ಲರೂ ಪದಕದ ಮಾತಾಡುತ್ತಾರೆ. ನನ್ನ ಮನಸ್ಸು ಮಾತ್ರ ಆ ನಡುವಿನ ತಿಂಗಳುಗಳಲ್ಲೇ ನಿಲ್ಲುತ್ತದೆ.

ಹಾಗೆ ನಿಲ್ಲುವುದಕ್ಕೆ ಕಾರಣವಿದೆ. ಕೋಲಾರದ ಕಡೆಯ ಬಾವಿ ತೋಡುವವರನ್ನು ಕುರಿತ ನನ್ನ ಚಿತ್ರವೊಂದನ್ನು ಕೊಳ್ಳುವುದಾಗಿ ಒಂದು ವಾಹಿನಿಯವರು ಮಾತು ಕೊಟ್ಟು, ಹದಿನಾಲ್ಕು ತಿಂಗಳು ಕರಾರಿಗೆ ಸಹಿ ಹಾಕದೆ ಉಳಿಸಿಕೊಂಡರು. ಇಡೀ ಚಿತ್ರವಿದ್ದ ಎರಡು ಹಾರ್ಡ್ ಡಿಸ್ಕ್‌ಗಳನ್ನು ಹತ್ತಿಯ ಟವೆಲ್ಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೆ. ಎರಡು ಮೂರು ತಿಂಗಳಿಗೊಮ್ಮೆ ಅವನ್ನು ಹೊರತೆಗೆದು, ಕಂಪ್ಯೂಟರಿಗೆ ಜೋಡಿಸಿ, ಒಳಗಿನ ತಟ್ಟೆ ತಿರುಗುವ ಸಣ್ಣ ಸದ್ದು ಕೇಳಿಸಿದ ಮೇಲೆ, ಬಾವಿಯ ತಳದಲ್ಲಿ ನಿಂತ ಮುದುಕ ತಲೆಯೆತ್ತಿ ಆಕಾಶ ನೋಡುವ ದೃಶ್ಯವೊಂದನ್ನು ಮಾತ್ರ ನೋಡಿ ಮತ್ತೆ ಸುತ್ತಿಡುತ್ತಿದ್ದೆ. ಧ್ವನಿಗ್ರಾಹಕರಿಗೆ ನಲವತ್ತು ಸಾವಿರ ರೂಪಾಯಿ ಬಾಕಿಯಿತ್ತು. ಅವರು ಒಂದು ದಿನವೂ ಕೇಳಲಿಲ್ಲ, ಮತ್ತು ಅದೇ ಕಾರಣಕ್ಕೆ ಅವರ ಫೋನ್ ಬಂದಾಗಲೆಲ್ಲ ನನ್ನ ಎದೆ ಭಾರವಾಗುತ್ತಿತ್ತು.

ರೆಡ್ಡಿಯವರ ಪಾಲಿಗೆ ಬಂದದ್ದು ಇದಕ್ಕೆ ಹೋಲಿಸಲಾಗದ ಕಷ್ಟ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಸ್ನೇಹಲತಾ ಅವರನ್ನು ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಆಸ್ತಮಾದಿಂದ ನರಳುತ್ತಿದ್ದ ಅವರು 1977ರ ಜನವರಿಯಲ್ಲಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅದೇ ವರ್ಷದ ‘ಚಂಡಮಾರುತ’ದ ನಂತರ ‘ಶೃಂಗಾರ ಮಾಸ’, 1993ರಲ್ಲಿ ‘ದೇವರ ಕಾಡು’. ಕನ್ನಡದಲ್ಲಿ ರೆಡ್ಡಿಯವರು ನಿರ್ದೇಶಿಸಿದ್ದು ‘ಸಂಸ್ಕಾರ’ವೂ ಸೇರಿ ಈ ನಾಲ್ಕೇ ಚಿತ್ರಗಳನ್ನು, ಅದೂ ಇಪ್ಪತ್ತಮೂರು ವರ್ಷಗಳ ಅವಧಿಯಲ್ಲಿ. ವರ್ಷಕ್ಕೊಂದು ಚಿತ್ರ ಮಾಡದವನನ್ನು ನಿರ್ಮಾಪಕನೆಂದು ಬ್ಯಾಂಕಿನವರೂ ಬಂಧುಗಳೂ ಒಪ್ಪದ ಈ ವೃತ್ತಿಯಲ್ಲಿ, ಆ ನಾಲ್ಕರ ಲೆಕ್ಕ ನನಗೆ ದೊಡ್ಡ ಧೈರ್ಯ ಕೊಟ್ಟಿದೆ.

ಕೊನೆಗೆ ಆ ವಾಹಿನಿಯ ಕರಾರು ಆಗಲೇ ಇಲ್ಲ. ಚಿತ್ರವನ್ನು ಬೇರೊಬ್ಬರು ಕಡಿಮೆ ಬೆಲೆಗೆ ಕೊಂಡರು, ಬಂದ ಹಣದಲ್ಲಿ ಮೊದಲು ಧ್ವನಿಗ್ರಾಹಕರ ಬಾಕಿ ತೀರಿಸಿದೆ. ಆಮೇಲೆ ಡಿಸ್ಕ್‌ನಿಂದ ಒಂದು ಪ್ರತಿ ಮಾಡಿಕೊಂಡು ಕೋಲಾರಕ್ಕೆ ಹೋಗಿ, ಆ ಮುದುಕರ ಮನೆಯ ಪಡಸಾಲೆಯಲ್ಲಿ ಬಿಳಿ ಪಂಚೆ ಕಟ್ಟಿ ಚಿತ್ರ ತೋರಿಸಿದೆವು.