ಫೋನಿನಲ್ಲಿ ಮಾತನಾಡುವ ರೀತಿಯೇ ವಯಸ್ಸು ಹೇಳುತ್ತದೆ

ಕ್ಯಾಸೆಟ್ಟಿನ ಪಕ್ಕದಲ್ಲಿ ಪೆನ್ಸಿಲ್ಲಿನ ಚಿತ್ರವಿಟ್ಟು, ಇವೆರಡಕ್ಕೂ ಇರುವ ನಂಟು ಗೊತ್ತಿದ್ದರೆ ನಿಮಗೆ ವಯಸ್ಸಾಯಿತೆಂದೇ ಲೆಕ್ಕ ಎನ್ನುವ ಸಂದೇಶ ಯಾವುದಾದರೊಂದು ವಾಟ್ಸಾಪ್ ಗುಂಪಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಆ ಪರೀಕ್ಷೆಯಲ್ಲಿ ನನಗೆ ಅಷ್ಟಾಗಿ ನಂಬಿಕೆಯಿಲ್ಲ, ಏಕೆಂದರೆ ಅದೇ ಚಿತ್ರವನ್ನು ನೋಡಿ ನೋಡಿ ಪ್ರೈಮರಿ ಶಾಲೆಯ ಮಕ್ಕಳೂ ಈಗ ಸರಿಯುತ್ತರ ಹೇಳುತ್ತಾರೆ. ಮರೆಯಾದ ವಸ್ತುವಿನ ನೆನಪಿಗಿಂತ, ಆ ವಸ್ತು ನಮ್ಮ ಕೈಯಲ್ಲೂ ಗಂಟಲಲ್ಲೂ ಬಿಟ್ಟುಹೋದ ಅಭ್ಯಾಸ ಹೆಚ್ಚು ನಂಬಿಕೆಗೆ ಅರ್ಹವಾದ ಸಾಕ್ಷಿ. ಫೋನಿನ ವಿಷಯದಲ್ಲಂತೂ ಇದು ಸ್ಪಷ್ಟವಾಗಿ ಕಾಣುತ್ತದೆ: ಯಾವ ದರದ ಕಾಲದಲ್ಲಿ ಮಾತನಾಡಲು ಕಲಿತೆವೋ, ಕರೆಗೆ ಪ್ರತ್ಯೇಕ ದರವೇ ಇಲ್ಲದ ಈ ಕಾಲದಲ್ಲೂ ನಾವು ಅದೇ ದರದಲ್ಲಿ ಮಾತನಾಡುತ್ತಿರುತ್ತೇವೆ.

ಎಲ್ಲಕ್ಕಿಂತ ಹಳೆಯವರು ಕೂಗುವವರು. ಮಗ ಪಕ್ಕದ ಬೀದಿಯಲ್ಲಿರಲಿ, ಕ್ಯಾಲಿಫೋರ್ನಿಯಾದಲ್ಲಿರಲಿ, ಇವರ ದನಿ ಅಂಗಳ ದಾಟಿ ಎದುರು ಮನೆಗೆ ಕೇಳಿಸುತ್ತದೆ. ಇವರು ಟ್ರಂಕ್ ಕಾಲ್ ಕಾಲದವರು. ಆಗ ಪರಊರಿಗೆ ಮಾತನಾಡಬೇಕಾದರೆ 180ಕ್ಕೆ ಫೋನ್ ಮಾಡಿ ಕರೆಯನ್ನು ಬುಕ್ ಮಾಡಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಿದ್ದವು. ಆರ್ಡಿನರಿ ಬುಕ್ ಮಾಡಿದವರು ಕರೆ ಸಿಗುವವರೆಗೆ ಮನೆ ಬಿಟ್ಟು ಕದಲದೆ ಗಂಟೆಗಟ್ಟಲೆ ಕಾಯಬೇಕಾಗುತ್ತಿತ್ತು. ಅಷ್ಟೆಲ್ಲ ಕಾದ ಮೇಲೆ ಸಿಕ್ಕ ತಂತಿಯಲ್ಲಿ ಮಾತಿಗಿಂತ ಗೊರಗೊರ ಶಬ್ದವೇ ಹೆಚ್ಚಿರುತ್ತಿದ್ದುದರಿಂದ ಕೂಗುವುದು ಅನಿವಾರ್ಯವಾಗಿತ್ತು. ಮೂರು ನಿಮಿಷವಾಯಿತೆಂದು ಆಪರೇಟರ್ ನಡುವೆ ಬಾಯಿ ಹಾಕುತ್ತಿದ್ದರು. ಆದ್ದರಿಂದಲೇ ಇವರು ಯೋಗಕ್ಷೇಮ, ಮಳೆ, ಊಟ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕೇಳಿ ಮುಗಿಸಿ, ಆ ಕಡೆಯವರು ಬಾಯಿ ತೆರೆಯುವ ಮೊದಲೇ 'ಸರಿ, ಇಡ್ತೀನಿ' ಎನ್ನುತ್ತಾರೆ. ಇದನ್ನು ಒರಟುತನವೆಂದು ತಿಳಿಯುವ ಸೊಸೆಯಂದಿರನ್ನು ನಾನು ಕಂಡಿದ್ದೇನೆ. ಅದು ಒರಟುತನವಲ್ಲ, ಮಿತವ್ಯಯ.

ಇವರ ನಂತರದವರು ಪಿ.ಪಿ. ನಂಬರಿನವರು. ಮನೆಗೆ ಫೋನ್ ಬೇಕೆಂದು ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ, ಲಗ್ನಪತ್ರಿಕೆಯಲ್ಲೂ ಲೆಟರ್‌ಹೆಡ್ಡಿನಲ್ಲೂ ಪಕ್ಕದ ಮನೆಯವರ ನಂಬರನ್ನೇ ಅಚ್ಚು ಹಾಕಿಸಿ, ಮುಂದೆ ಆವರಣದಲ್ಲಿ ಪಿ.ಪಿ. ಎಂದು ಸೇರಿಸುವುದು ವಾಡಿಕೆಯಾಗಿತ್ತು. ಫೋನ್ ಇದ್ದ ಮನೆಯ ಗೃಹಿಣಿ ಒಲೆಯ ಮೇಲಿನ ಒಗ್ಗರಣೆ ಬಿಟ್ಟು ಕಾಂಪೌಂಡಿನಾಚೆಗೆ ಕೂಗುತ್ತಿದ್ದರು, ಈಚೆ ಮನೆಯವರು ಚಪ್ಪಲಿ ಮೆಟ್ಟದೆ ಓಡುತ್ತಿದ್ದರು. ಹಾಗೆ ಪರರ ನಡುಮನೆಯಲ್ಲಿ, ಪರರ ಕಿವಿಯೆದುರು ಮಾತನಾಡಿದವರು ಇಂದಿಗೂ ಸ್ವಂತ ಮೊಬೈಲಿನಲ್ಲಿ ಗುಟ್ಟಿನ ಮಾತು ಬಂದರೆ 'ಹ್ಞೂಂ', 'ಆಮೇಲೆ ಹೇಳ್ತೀನಿ' ಎಂದಷ್ಟೇ ಹೇಳಿ ಜಾರಿಕೊಳ್ಳುತ್ತಾರೆ. ಫೋನಿದ್ದ ಮನೆಯವರ ಗುರುತು ಬೇರೆ: ತಿರುಗುವ ಡಯಲ್ಲಿನ ರಂಧ್ರಕ್ಕೆ ಸಿಕ್ಕಿಸುತ್ತಿದ್ದ ಪುಟ್ಟ ಬೀಗದ ನೆನಪು ಅವರಿಗಿರುತ್ತದೆ. ಆ ಬೀಗವಿದ್ದರೂ ರಿಸೀವರ್ ಇಡುವ ಹುಕ್ಕನ್ನು ಅಂಕಿಗೆ ತಕ್ಕಂತೆ ಬಡಿದು ಕರೆ ಮಾಡಬಹುದೆಂಬ ಗುಟ್ಟು ಮನೆಯ ಹುಡುಗರಿಗೆ ಗೊತ್ತಿತ್ತು.

ಫೋನಿನ ಈ ಕೊರತೆ ತಗ್ಗತೊಡಗಿದ್ದರ ಒಂದು ಆರಂಭ ನಮ್ಮ ರಾಜ್ಯದಲ್ಲೇ ಆಯಿತು. 1984ರಲ್ಲಿ ಸ್ಥಾಪನೆಯಾದ, ದೂರಸಂಪರ್ಕ ತಂತ್ರಜ್ಞಾನ ರೂಪಿಸುವ ಕೇಂದ್ರ ಸರ್ಕಾರದ ಸಿ-ಡಾಟ್ ಸಂಸ್ಥೆ, ಹವಾನಿಯಂತ್ರಣದ ಹಂಗಿಲ್ಲದೆ ಹಳ್ಳಿಯ ಸೆಖೆಯಲ್ಲೂ ಕೆಲಸ ಮಾಡುವಂತೆ ರೂಪಿಸಿದ 128 ಲೈನುಗಳ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜನ್ನು 1986ರಲ್ಲಿ ಮೊದಲು ಅಳವಡಿಸಿದ್ದು ಕಿತ್ತೂರಿನಲ್ಲಿ. ಅದರ ಹಿಂದೆಯೇ ಆಪರೇಟರ್ ಇಲ್ಲದೆ ನೇರವಾಗಿ ಪರಊರಿಗೆ ಕರೆ ಮಾಡಬಹುದಾಗಿದ್ದ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಊರೂರಿಗೂ ಬಂದವು. ದೂರ ಹೆಚ್ಚಾದಷ್ಟೂ ವೇಗವಾಗಿ ಏರುತ್ತಿದ್ದ ಮೀಟರಿನ ಕೆಂಪು ಅಂಕಿಗಳ ಮೇಲೆ ಕಣ್ಣಿಟ್ಟು ಮಾತನಾಡಿದ ತಲೆಮಾರು ನಮ್ಮದು. ರಾತ್ರಿಯಾಗುತ್ತ ದರ ಅರ್ಧಕ್ಕೆ, ಕೊನೆಗೆ ಕಾಲು ಭಾಗಕ್ಕೆ ಇಳಿಯುತ್ತಿದ್ದುದರಿಂದ ಊಟ ಮುಗಿಸಿ ಬಂದು ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದೆವು. ಮುಖ್ಯವಾದ ಸಂಗತಿಯನ್ನು ತಡರಾತ್ರಿಯೇ ಹೇಳಬೇಕೆನ್ನುವ ನನ್ನ ವಾರಿಗೆಯವರ ಚಾಳಿಯನ್ನು ನಾನು ಈ ಕಾಲು ದರದ ಲೆಕ್ಕಕ್ಕೇ ಬರೆಯುತ್ತೇನೆ. ಇನ್ನು, ಬೆಂಗಳೂರಿನ ಕೋಡ್ ಕೇಳಿದರೆ 080 ಎನ್ನುವ ಮೊದಲು ಯಾರ ನಾಲಿಗೆಯ ಮೇಲೆ 0812 ಬಂದು ಹೋಗುತ್ತದೋ, ಅವರ ವಯಸ್ಸು ತಿಳಿಯಲು ಆಧಾರ್ ಕಾರ್ಡು ಬೇಕಿಲ್ಲ.

ನಮಗಿಂತ ಚಿಕ್ಕವರು ಮೊಬೈಲಿನ ಜೊತೆ ಬೆಳೆದವರಾದರೂ ಅವರದೂ ಒಂದೇ ಕಾಲವಲ್ಲ. ಭಾರತಕ್ಕೆ ಮೊಬೈಲ್ ಸೇವೆ ಬಂದದ್ದು 1995ರಲ್ಲಿ, ಒಳಬರುವ ಕರೆಗೂ ಹಣ ಕೊಡುವುದು ತಪ್ಪಿದ್ದು 2003ರಲ್ಲಿ. ಆ ನಡುವೆ ಮೊಬೈಲ್ ಕೊಂಡವರು ರಿಂಗಾದ ಕೂಡಲೇ ಫೋನೆತ್ತದೆ ಯಾರ ನಂಬರೆಂದು ದಿಟ್ಟಿಸಿ ನೋಡುತ್ತಾರೆ, ಎತ್ತಿದರೂ 'ಲ್ಯಾಂಡ್‌ಲೈನಿಗೆ ಮಾಡಿ' ಎಂದು ಹೇಳುವವರಂತೆ ಗಡಿಬಿಡಿಯಲ್ಲಿರುತ್ತಾರೆ. ಮುಂದಿನವರದು ಮಿಸ್ಡ್ ಕಾಲ್ ಕಾಲ. ಒಂದು ರಿಂಗಾದರೆ ಬಸ್ಸು ಹತ್ತಿದೆ, ಎರಡಾದರೆ ಸ್ಟ್ಯಾಂಡಿಗೆ ಬಾ ಎಂಬಂಥ ಒಪ್ಪಂದಗಳು ಪ್ರತಿ ಹಾಸ್ಟೆಲಿನಲ್ಲೂ ಇದ್ದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು, ಕರೆಗೆ ಬೇರೆ ದರವೇ ಇಲ್ಲವೆಂದು ಸಾರಿದ ಮೇಲೆ ಈ ಕಲೆ ಕಾಣೆಯಾಯಿತು. ಆದರೂ ನಲವತ್ತರ ಆಸುಪಾಸಿನ ಕೆಲವರು ಇಂದಿಗೂ ಮನೆಯ ಗೇಟಿನ ಬಳಿ ಬಂದಾಗ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಾರೆ.

ಇಪ್ಪತ್ತರೊಳಗಿನವರ ವಿಷಯ ಬೇರೆಯೇ. ಎಷ್ಟು ಹೊತ್ತು ಮಾತನಾಡಿದರೂ ಕಾಸು ಖರ್ಚಾಗದ ಕಾಲದಲ್ಲಿ ಬೆಳೆದ ಇವರು ಕರೆಯನ್ನೇ ಮಾಡುವುದಿಲ್ಲ. ಮಾಡುವುದಿದ್ದರೂ ಮೊದಲು ಮೆಸೇಜಿನಲ್ಲಿ ಅನುಮತಿ ಕೇಳುತ್ತಾರೆ. ಹೇಳದೆ ಕೇಳದೆ ಫೋನ್ ರಿಂಗಾದರೆ ಯಾರಿಗೆ ಏನಾಯಿತೋ ಎಂದು ಗಾಬರಿಯಾಗುತ್ತಾರೆ. 2013ರ ಜುಲೈಯಲ್ಲಿ ನಿಂತುಹೋದ ಟೆಲಿಗ್ರಾಂ ಮನೆ ಬಾಗಿಲಿಗೆ ಬಂದಾಗ ಅಜ್ಜಿಯಂದಿರು ಬೆಚ್ಚುತ್ತಿದ್ದುದೂ ಹೀಗೆಯೇ. ಮುನ್ಸೂಚನೆಯಿಲ್ಲದೆ ಇವರಿಗೆ ಕರೆ ಮಾಡುವವರು ಈಗ ಇಬ್ಬರೇ: ಅರವತ್ತು ದಾಟಿದ ನೆಂಟರು ಮತ್ತು ಸಾಲ ಬೇಕೇ ಎಂದು ಕೇಳುವ ಬ್ಯಾಂಕಿನವರು.