ಸೀಟಿ ಹೊಡೆಯುವ ಪೈಪು

ನಿನ್ನೆ ಎನರ್ಜಿ ಆಡಿಟರ್ ಸರ್ಟಿಫಿಕೇಟ್ ಕೈಗೆ ಬಂತು. ಕಾರ್ಖಾನೆಯಲ್ಲಿ ಕರೆಂಟು, ಇಂಧನ ಎಲ್ಲಿ ಪೋಲಾಗುತ್ತದೆ ಅಂತ ಹುಡುಕುವ ಕೆಲಸ ಅದು. ಅವ್ವ ಹಿಂದೆ ಮುಂದೆ ತಿರುಗಿಸಿ ನೋಡಿ, "ಅಂದ್ರ ಇನ್ನ ನಮ್ಮ ಮನಿ ಬಿಲ್ ಕಮ್ಮಿ ಬರ್ತದೇನು?" ಅಂದಳು.

ಪರೀಕ್ಷೆಗೆ ಒಟ್ಟು ನಾಲ್ಕು ಪೇಪರ್. ಮೂರು ಪಾಸಾದರೆ ಎನರ್ಜಿ ಮ್ಯಾನೇಜರ್, ನಾಲ್ಕನೆಯದೂ ಆದರೆ ಆಡಿಟರ್. ಸಿಮೆಂಟ್, ಉಕ್ಕಿನಂಥ ದೊಡ್ಡ ಕಾರ್ಖಾನೆಗಳು ಕಾನೂನಿನಂತೆ ಮಾಡಿಸಲೇಬೇಕಾದ ಆಡಿಟ್‌ಗೆ ಮಾತ್ರ ಈ ಕಾಗದ ಸಾಲದು, ಅಕ್ರೆಡಿಟೇಶನ್ ಅನ್ನೋ ಇನ್ನೊಂದು ಮಾನ್ಯತೆ ಬೇರೆ ಬೇಕು. ಅದು ಮುಂದಿನ ಮಾತು ಬಿಡಿ.

ಪುಸ್ತಕ ಓದಿದ್ದು ರಾತ್ರಿ. ಕಲಿತದ್ದು ಬೆಳಗಾವಿ ಉದ್ಯಮಬಾಗ್‌ನ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ. ಊಟದ ಹೊತ್ತು, ಮಷೀನೆಲ್ಲ ಬಂದ್. ಆದರೂ ಪೈಪಿನಲ್ಲಿ ಮಷೀನುಗಳಿಗೆ ಒತ್ತಡದ ಗಾಳಿ ಕಳಿಸುವ ಕಂಪ್ರೆಸರ್ ಆಗಾಗ ಗುಡುಗುಟ್ಟಿ ಮತ್ತೆ ಗಾಳಿ ತುಂಬುತ್ತಿತ್ತು. ಗಾಳಿ ಬಳಸುವವರೇ ಇಲ್ಲ, ಮತ್ತೆ ಹೋಗ್ತಿರೋದು ಎಲ್ಲಿಗೆ? ಸೋಪಿನ ನೀರು ಹಚ್ಚುತ್ತ ಪೈಪಿನ ಜೊತೆ ನಡೆದೆ. ಒಂದು ಜಾಯಿಂಟ್‌ಗೆ ಯಾರೋ ಸೈಕಲ್ ಟ್ಯೂಬ್ ಸುತ್ತಿ ಬಿಗಿದಿದ್ದರು. ಅಲ್ಲಿ ನೊರೆ ಬುಸುಬುಸು ಉಕ್ಕಿತು. ಹಿರಿಯ ಫಿಟ್ಟರ್ ಕಾಕಾ ನಕ್ಕರು: "ತಮ್ಮಾ, ಅದು ಭಾಳ ವರ್ಷದಿಂದ ಸೀಟಿ ಹೊಡಿತೈತಿ. ನಮಗ ಈಗ ಕೇಳ್ಸೂದ ಇಲ್ಲ."

ಗಾಳಿಯ ಒತ್ತಡವನ್ನು 7 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಇಂದ 6ಕ್ಕೆ ಇಳಿಸಿದರೆ ಕಂಪ್ರೆಸರ್ ಕರೆಂಟ್ ಶೇ 6-7ರಷ್ಟು ಉಳಿಯುತ್ತದೆ. ಆದರೆ ಸೋರಿದಷ್ಟೂ ಮಷೀನಿಗೆ ಸಿಗುವ ಒತ್ತಡ ಮೊದಲೇ ಕಮ್ಮಿ; ಇಷ್ಟು ಸೋರಿಕೆ ಇಟ್ಟುಕೊಂಡು ಇಳಿಸೋದು ಹೇಗೆ? ಮೀಟರ್‌ಗಿಂತ ಜಾಸ್ತಿ ಕಿವಿ ಬೇಕು ಈ ಕೆಲಸಕ್ಕೆ ಅನಿಸಿತು.

ರಾತ್ರಿ ಮಲಗಿದಾಗ ಬಚ್ಚಲಿನ ನಲ್ಲಿ ತಟಕ್ ತಟಕ್ ಅನ್ನುತ್ತಿತ್ತು. ಎಷ್ಟು ತಿಂಗಳಿಂದಲೋ, ನನಗೆ ಗೊತ್ತೇ ಆಗಿರಲಿಲ್ಲ. ಇವತ್ತು ವಾಷರ್ ತರಬೇಕು.